ಎಲೆ ದೊಡ್ಡದು, ಹೊಟ್ಟೆ ಚಿಕ್ಕದು



ತೂಕ ಇಳಿಸುವ ಶಸ್ತ್ರಚಿಕಿತ್ಸೆ ಎಂದರೆ ನಮ್ಮ ಕನ್ನಡ ಮನೆಗಳಲ್ಲಿ ಇನ್ನೂ ಪಿಸುಮಾತಿನ ವಿಷಯ. ಹೃದಯದ ಆಪರೇಷನ್ ಆದವರನ್ನು ನೋಡಲು ಹಣ್ಣು ಹಿಡಿದುಕೊಂಡು ಹೋಗುತ್ತೇವೆ. ಹೊಟ್ಟೆಯ ಆಪರೇಷನ್ ಮಾಡಿಸಿಕೊಂಡವರ ಬಗ್ಗೆ ಮಾತ್ರ, "ತಿನ್ನೋದು ಕಡಿಮೆ ಮಾಡಿದ್ದರೆ ಸಾಕಿತ್ತಪ್ಪ, ಲಕ್ಷಗಟ್ಟಲೆ ಯಾಕೆ ಸುರೀಬೇಕಿತ್ತು?" ಎನ್ನುತ್ತೇವೆ. ಈ ಮಾತಿಗೆ ಹೆದರಿಯೇ ಹಲವರು ವಿಷಯ ಮುಚ್ಚಿಡುತ್ತಾರೆ. ಮುಚ್ಚಿಟ್ಟ ಮೇಲೆ ಸಂಘದ ಊಟದ ಪಂಕ್ತಿಯಲ್ಲಿ ಬಡಿಸುವವರ ಕೈ ತಡೆಯಲಾರದೆ ಒದ್ದಾಡುತ್ತಾರೆ. ಆದ್ದರಿಂದ ಈ ಸಲದ ಅಂಕಣದಲ್ಲಿ ಇದನ್ನು ಬಿಚ್ಚಿ ಮಾತಾಡೋಣ. ನೀವೇ ಮಾಡಿಸಿಕೊಂಡಿರಬಹುದು, ನಿಮ್ಮ ಅಕ್ಕನೋ ಚಿಕ್ಕಪ್ಪನೋ ಮಾಡಿಸಿಕೊಂಡಿರಬಹುದು. ಯಾರೇ ಆಗಲಿ, ಆಪರೇಷನ್ ಮುಗಿದ ಮೇಲಿನ ಊಟವೇ ನಿಜವಾದ ಚಿಕಿತ್ಸೆ.

ಮೊದಲು ನಾವಿರುವ ನಾಡಿನ ಲೆಕ್ಕ ನೋಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕೇರಳದಲ್ಲಿ ಹೆಂಗಸರ ಪೈಕಿ ಶೇಕಡಾ 38, ಗಂಡಸರ ಪೈಕಿ ಶೇಕಡಾ 36ರಷ್ಟು ಜನ ಹೆಚ್ಚು ತೂಕದವರು. ಕರ್ನಾಟಕದಲ್ಲಿ ಈ ಅಂಕಿ ಇಬ್ಬರಲ್ಲೂ ಶೇಕಡಾ 30ರ ಆಸುಪಾಸು. ಟೆಕ್ನೋಪಾರ್ಕಿನಲ್ಲೋ ಇನ್ಫೋಪಾರ್ಕಿನಲ್ಲೋ ದಿನವಿಡೀ ಕುಳಿತು ಕೆಲಸ ಮಾಡಿ, ರಾತ್ರಿ ಹತ್ತಕ್ಕೆ ಪರೋಟ ತಿನ್ನುವ ನಿಮ್ಮ ವಯಸ್ಸಿನವರೂ ಈ ಲೆಕ್ಕದಲ್ಲಿ ಸೇರಿದ್ದಾರೆ.

ಹಾಗೆಂದು ಎಲ್ಲರಿಗೂ ಆಪರೇಷನ್ ಬೇಕಿಲ್ಲ. ಕಿಲೋಗ್ರಾಮಿನಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವ ಸಂಖ್ಯೆಯೇ ಬಿ.ಎಂ.ಐ. ಭಾರತೀಯರಿಗೆ ಇದು 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು. 2009ರಲ್ಲಿ ನಮ್ಮ ದೇಶದ ತಜ್ಞರು ಕೂಡಿ ಹೇಳಿದಂತೆ 37.5 ದಾಟಿದವರಿಗೆ, ಅಥವಾ ಸಕ್ಕರೆ ಕಾಯಿಲೆಯಂಥ ತೊಂದರೆಯೂ ಇದ್ದು 32.5 ದಾಟಿದವರಿಗೆ ಶಸ್ತ್ರಚಿಕಿತ್ಸೆಯನ್ನು ಯೋಚಿಸಬಹುದು. 2022ರ ಅಂತರರಾಷ್ಟ್ರೀಯ ಸಲಹೆ ಏಷ್ಯಾದವರಿಗೆ ಈ ಗೆರೆಯನ್ನು ಇನ್ನಷ್ಟು ಕೆಳಗಿಳಿಸಿದೆ. ಉದಾಹರಣೆಗೆ, 165 ಸೆಂಟಿಮೀಟರ್ ಎತ್ತರದವರು 102 ಕಿಲೋ ತೂಗಿದರೆ ಬಿ.ಎಂ.ಐ. 37.5 ಆಗುತ್ತದೆ. ಆದರೆ ವಿಮೆಯವರ ಗೆರೆ ಬೇರೆ. ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಹೊರಡಿಸಿದ ಮಾದರಿ ನಿಯಮದಲ್ಲಿರುವುದು 40, ಇಲ್ಲವೇ ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ಹೃದ್ರೋಗ ಮುಂತಾದ ಕೆಲವು ತೊಂದರೆಗಳಿದ್ದರೆ 35. ಸಾಲ ಮಾಡಿ ಅಡ್ವಾನ್ಸ್ ಕಟ್ಟುವ ಮೊದಲು ಪಾಲಿಸಿಯ ಕಾಗದವನ್ನು ಪೂರ್ತಿ ಓದಿ.

ಆಪರೇಷನ್ನಿನಲ್ಲಿ ಏನು ಮಾಡುತ್ತಾರೆ? ಹೆಚ್ಚಾಗಿ ನಡೆಯುವುದು ಎರಡು ಬಗೆ. ಸ್ಲೀವ್ ಎಂಬುದರಲ್ಲಿ ಜಠರದ ಮುಕ್ಕಾಲು ಭಾಗವನ್ನು ಕತ್ತರಿಸಿ ತೆಗೆದು ಬಾಳೆಹಣ್ಣಿನಂಥ ಒಂದು ಕೊಳವೆಯನ್ನು ಉಳಿಸುತ್ತಾರೆ. ಬೈಪಾಸಿನಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಯುವ ಪುಟ್ಟ ಚೀಲವೊಂದನ್ನು ಮಾಡಿ, ಅದನ್ನು ಸಣ್ಣ ಕರುಳಿನ ಮುಂದಿನ ಭಾಗಕ್ಕೆ ಜೋಡಿಸುತ್ತಾರೆ. 1966ರಲ್ಲಿ ಅಮೆರಿಕದ ಅಯೋವಾದಲ್ಲಿ ಎಡ್ವರ್ಡ್ ಮೇಸನ್ ಎಂಬ ಶಸ್ತ್ರವೈದ್ಯರು ಶುರು ಮಾಡಿದ ವಿಧಾನ ಇದು. ಮುಂದೆ ಹಲವರ ಕೈಯಲ್ಲಿ ತಿದ್ದಿಸಿಕೊಂಡು ಬಂದಿದೆ. ಎರಡರಲ್ಲೂ ಹೊಟ್ಟೆ ಚಿಕ್ಕದಾಗುವುದಷ್ಟೇ ಅಲ್ಲ, ಹಸಿವನ್ನು ಎಬ್ಬಿಸುವ ಮತ್ತು ತಣಿಸುವ ಹಾರ್ಮೋನುಗಳ ಲೆಕ್ಕವೂ ಬದಲಾಗುತ್ತದೆ. ಹಸಿವೆಬ್ಬಿಸುವ ಗ್ರೆಲಿನ್ ಎಂಬ ಹಾರ್ಮೋನನ್ನು ಜಪಾನಿನ ವಿಜ್ಞಾನಿಗಳು ಕಂಡುಹಿಡಿದದ್ದೇ 1999ರಲ್ಲಿ. ಸ್ಲೀವಿನಲ್ಲಿ ತೆಗೆದುಹಾಕುವ ಭಾಗದಲ್ಲೇ ಅದು ಹೆಚ್ಚಾಗಿ ತಯಾರಾಗುವುದು. ಹಾಗಾಗಿ "ಬಾಯಿ ಕಟ್ಟಿದ್ದರೆ ಸಾಕಿತ್ತು" ಎಂಬ ಮಾತು ಅರ್ಧ ತಿಳಿದವರ ಮಾತು. ಬರೀ ಮನಸ್ಸು ಗಟ್ಟಿ ಮಾಡಿಕೊಂಡರೆ ಸಾಲದು, ಮೈಯೊಳಗೇ ಹಸಿವಿನ ಒತ್ತಡವಿರುತ್ತದೆ.

ಇನ್ನು ಊಟಕ್ಕೆ ಬರೋಣ. ಆಸ್ಪತ್ರೆಯ ಆಹಾರತಜ್ಞರು ಕೊಡುವ ಚೀಟಿಯೇ ನಿಮಗೆ ಪ್ರಮಾಣ. ನಾನು ಹೇಳುವುದು ಆ ಚೀಟಿ ಅರ್ಥವಾಗಲಿ ಎಂದು. ಮೊದಲ ಒಂದೆರಡು ದಿನ ತಿಳಿ ನೀರು, ಸಾರಿನ ತಿಳಿ. ಆಮೇಲೆ ಸುಮಾರು ಎರಡು ವಾರ ತೆಳ್ಳಗಿನ ಮಜ್ಜಿಗೆ, ಕೆನೆ ತೆಗೆದ ಹಾಲು, ಬೇಳೆಕಟ್ಟು. ಮೂರನೆಯ ವಾರದಿಂದ ನುಣ್ಣಗೆ ಅರೆದದ್ದು: ತೊವ್ವೆ, ಮೊಸರು, ಮಸೆದ ಮೊಟ್ಟೆ ಅಥವಾ ಮೀನು. ಐದನೆಯ ವಾರದ ಹೊತ್ತಿಗೆ ಮೆತ್ತಗಿನ ಅಡುಗೆ. ಸುಮಾರು ಎರಡು ತಿಂಗಳಿಗೆ ಮನೆಯವರೆಲ್ಲ ಉಣ್ಣುವುದನ್ನೇ ಉಣ್ಣಬಹುದು, ಆದರೆ ಪ್ರಮಾಣ ಅರ್ಧ ಬಟ್ಟಲು. ಒಳಗಿನ ಹೊಲಿಗೆ ಮಾಯುವ ಕಾಲ ಇದು. "ನೋವಿಲ್ಲ, ದೋಸೆ ತಿಂದುಬಿಡುತ್ತೇನೆ" ಎಂದು ಎರಡನೆಯ ವಾರದಲ್ಲೇ ಧೈರ್ಯ ಮಾಡಬಾರದು.

ಆಮೇಲಿನ ಜೀವನಕ್ಕೆ ನಾಲ್ಕು ಕಟ್ಟಳೆಗಳು.

ಒಂದನೆಯದು, ಮೊದಲು ಪ್ರೋಟೀನು. ದಿನಕ್ಕೆ ಕಡಿಮೆಯೆಂದರೆ 60 ಗ್ರಾಂ ಬೇಕು. ಚಿಕ್ಕ ಹೊಟ್ಟೆಯಲ್ಲಿ ಅನ್ನ ಮೊದಲು ಹೋದರೆ ಪ್ರೋಟೀನಿಗೆ ಜಾಗವೇ ಉಳಿಯುವುದಿಲ್ಲ. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಒಂದು ಲೋಟ ಹಾಲಿನಲ್ಲಿ ಹೆಚ್ಚುಕಡಿಮೆ ಅಷ್ಟೇ, 100 ಗ್ರಾಂ ಬೇಯಿಸಿದ ಮೀನಿನಲ್ಲಿ ಸುಮಾರು 20 ಗ್ರಾಂ ಇರುತ್ತದೆ. ಮೀನು ತಿನ್ನುವ ಮನೆಯವರಿಗೆ ಕೇರಳ ವರದಾನ. ನಮ್ಮ ಕರಾವಳಿಯವರ ಬೂತಾಯಿ ಇಲ್ಲಿ ಮತ್ತಿ, ತಿರುವನಂತಪುರದಲ್ಲಿ ಚಾಳೆ. ಬಂಗುಡೆ ಇಲ್ಲಿ ಅಯಲ. ಕರಿಯದೆ ಸಾರು ಮಾಡಿದರೆ ಮೆತ್ತಗೂ ಇರುತ್ತದೆ, ಅಗ್ಗವೂ ಹೌದು. ಸಸ್ಯಾಹಾರಿಗಳು ಪನೀರು, ಮೊಸರು, ಹೆಸರುಬೇಳೆ, ಸೋಯಾ ಇವನ್ನು ಲೆಕ್ಕ ಹಾಕಿಯೇ ತಿನ್ನಬೇಕು. ಗಂಜಿ ಹಗುರವೆಂದು ಬರೀ ಗಂಜಿಯ ಮೇಲೆ ಬದುಕಿದರೆ ತೂಕದ ಜೊತೆ ಸ್ನಾಯುವೂ ಕರಗುತ್ತದೆ. ಇಲ್ಲಿಯವರಂತೆ ಗಂಜಿಗೆ ಹೆಸರುಕಾಳು ಸೇರಿಸಿಕೊಳ್ಳಿ. ಕಾಳು ಹೆಚ್ಚು, ಗಂಜಿ ಕಡಿಮೆ.

ಎರಡನೆಯದು, ಊಟದ ಜೊತೆ ನೀರು ಬೇಡ. ಕೇರಳದ ಹೋಟೆಲಿನಲ್ಲಿ ಕುಳಿತ ಕೂಡಲೇ ಗುಲಾಬಿ ಬಣ್ಣದ ಪದಿಮುಖದ ಬಿಸಿನೀರು ಮುಂದೆ ಬರುತ್ತದೆ. ತುತ್ತಿಗೊಂದು ಗುಟುಕು ಕುಡಿಯುವುದು ನಿಮಗೆ ಹುಟ್ಟಿನಿಂದ ಬಂದ ಅಭ್ಯಾಸ. ಈಗ ಅದನ್ನು ಬಿಡಬೇಕು. ಕುಡಿದ ನೀರು ಚಿಕ್ಕ ಹೊಟ್ಟೆಯನ್ನು ತುಂಬಿಸಿ ವಾಂತಿ ತರುತ್ತದೆ, ಇಲ್ಲವೇ ಅನ್ನವನ್ನು ಬೇಗ ಕೆಳಗೆ ತಳ್ಳಿ ಮತ್ತೆ ಹಸಿವು ತರುತ್ತದೆ. ಊಟವಾಗಿ ಅರ್ಧ ಗಂಟೆ ಬಿಟ್ಟು, ಗುಟುಕು ಗುಟುಕಾಗಿ ದಿನವಿಡೀ ಒಂದೂವರೆ ಲೀಟರಿನಷ್ಟು ಕುಡಿಯಿರಿ. ಈ ಸೆಕೆಯ ಊರಿನಲ್ಲಿ ನೀರು ಕಡಿಮೆಯಾದರೂ ಕಷ್ಟವೇ.

ಮೂರನೆಯದು, ನಿಧಾನ. ಚಿಕ್ಕ ತುತ್ತು, ಚೆನ್ನಾಗಿ ಅಗಿತ, ಊಟಕ್ಕೆ ಇಪ್ಪತ್ತು ಮೂವತ್ತು ನಿಮಿಷ. ಒಣ ಪುಟ್ಟು, ಪರೋಟ, ಒಣಗಿದ ಮಾಂಸದ ಫ್ರೈ ಇವು ಗಂಟಲ ಕೆಳಗೆ ಸಿಕ್ಕಿಕೊಂಡು ಎದೆ ಹಿಂಡುತ್ತವೆ. ಪುಟ್ಟು ತಿನ್ನಲೇಬೇಕೆನಿಸಿದರೆ ಕಡಲೆಯ ಸಾರಿನಲ್ಲಿ ನೆನೆಸಿ ತಿನ್ನಿ.

ನಾಲ್ಕನೆಯದು, ಸಕ್ಕರೆಯ ಎಚ್ಚರ. ಮುಖ್ಯವಾಗಿ ಬೈಪಾಸ್ ಆದವರಲ್ಲಿ ಸಿಹಿ ನೇರವಾಗಿ ಕರುಳಿಗೆ ಇಳಿದರೆ ಡಂಪಿಂಗ್ ಎಂಬ ತೊಂದರೆ ಬರುತ್ತದೆ. ಅರ್ಧ ಗಂಟೆಯೊಳಗೆ ಹೊಟ್ಟೆ ತೊಳಸಿ, ಎದೆ ಬಡಿದುಕೊಂಡು, ಬೆವರು ಕಿತ್ತು, ಭೇದಿಯಾಗುತ್ತದೆ. ಕೆಲವರಿಗೆ ಒಂದರಿಂದ ಮೂರು ಗಂಟೆಯೊಳಗೆ ರಕ್ತದ ಸಕ್ಕರೆ ದಿಢೀರನೆ ಇಳಿದು ತಲೆ ಸುತ್ತುತ್ತದೆ. ತಿರುವನಂತಪುರದ ಮದುವೆಮನೆಯ ಬೋಳಿ ಗೊತ್ತಲ್ಲ? ನಮ್ಮ ಹೋಳಿಗೆಯ ಹತ್ತಿರದ ನೆಂಟ. ಅದರ ಮೇಲೆ ಪಾಲ್ ಪಾಯಸ ಹೊಯ್ದು ಕಲಸಿ ತಿನ್ನುವುದು ಅಲ್ಲಿಯ ಸೊಗಸು. ಚಿಕ್ಕ ಹೊಟ್ಟೆಗೆ ಅದೇ ಶತ್ರು. ಇನ್ನೊಂದು ಬಲೆ ನೀರು ರೂಪದ ಸಿಹಿ. ಕುಲುಕ್ಕಿ ಸರ್ಬತ್ತು, ಮಿಲ್ಕ್‌ಶೇಕ್, ಐಸ್‌ಕ್ರೀಮು ಎಷ್ಟು ಚಿಕ್ಕ ಹೊಟ್ಟೆಯಲ್ಲೂ ಸಲೀಸಾಗಿ ಜಾರಿಹೋಗುತ್ತವೆ. ಬಾಳೆಕಾಯಿ ಚಿಪ್ಸೂ ಹಾಗೆಯೇ, ಬಾಯಲ್ಲಿ ಪುಡಿಯಾಗಿ ಇಳಿಯುತ್ತದೆ. ಇಳಿದ ತೂಕ ಮೂರನೆಯ ನಾಲ್ಕನೆಯ ವರ್ಷದಲ್ಲಿ ಮತ್ತೆ ಏರುವುದು ಇಂಥ ದಾರಿಗಳಿಂದ.

ಊಟಕ್ಕಿಂತಲೂ ಸುಲಭವಾಗಿ ಮರೆತುಹೋಗುವುದು ಮಾತ್ರೆ. ವಿಟಮಿನ್ ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಇವುಗಳ ಪೂರೈಕೆ ಜೀವಮಾನದ ಕೆಲಸ. ಬಿ12 ಪ್ರಾಣಿಜನ್ಯ ಆಹಾರದಲ್ಲಷ್ಟೇ ಇರುವುದರಿಂದ ಸಸ್ಯಾಹಾರಿ ಮನೆಗಳಲ್ಲಿ ಮೊದಲೇ ಕೊರತೆ. ಆಪರೇಷನ್ ಆದ ಮೇಲೆ ಹೀರಿಕೊಳ್ಳುವುದೂ ಕಡಿಮೆ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳನ್ನು ಒಟ್ಟಿಗೆ ನುಂಗಬೇಡಿ, ಎರಡು ಗಂಟೆ ಅಂತರವಿರಲಿ. ಕಬ್ಬಿಣದ ಮಾತ್ರೆಯ ಹಿಂದೆಮುಂದೆ ಚಹಾ ಬೇಡ. ಮೂರು ತಿಂಗಳಾದಾಗ ಕೂದಲು ಉದುರುತ್ತದೆ. ಗಾಬರಿ ಬೇಡ, ಪ್ರೋಟೀನು ಸರಿಯಿದ್ದರೆ ಹೆಚ್ಚಿನವರಿಗೆ ಮತ್ತೆ ಬರುತ್ತದೆ. ಆದರೆ ಒಂದು ವಿಷಯಕ್ಕೆ ಗಾಬರಿಯಾಗಲೇಬೇಕು. ದಿನಗಟ್ಟಲೆ ವಾಂತಿಯಾಗಿ, ಕಾಲು ಜೋಮು ಹಿಡಿದು, ನಡಿಗೆ ತಪ್ಪಿ, ಒಂದು ಎರಡಾಗಿ ಕಾಣತೊಡಗಿದರೆ ಅದು ಥಯಾಮಿನ್ ಎಂಬ ಬಿ1 ವಿಟಮಿನ್ನಿನ ಕೊರತೆ ಇರಬಹುದು. "ನಾಳೆ ನೋಡೋಣ" ಎನ್ನದೆ ಅಂದೇ ಆಸ್ಪತ್ರೆಗೆ ಓಡಿ. ತಡವಾದರೆ ಮಿದುಳಿಗೂ ನರಗಳಿಗೂ ಆದ ಹಾನಿ ಹಾಗೆಯೇ ಉಳಿದುಬಿಡಬಹುದು.

ನಿಮ್ಮ ವಯಸ್ಸಿನವರಿಗೇ ಸೇರಿದ ಎರಡು ಮಾತು. ಮೊದಲನೆಯದು ಮದ್ಯ. ಈ ಆಪರೇಷನ್ ಆದವರಿಗೆ, ಅದರಲ್ಲೂ ಬೈಪಾಸ್ ಆದವರಿಗೆ, ಅದು ರಕ್ತಕ್ಕೆ ಬಹು ಬೇಗ ಏರುತ್ತದೆ. ಊಟದ ಚಪಲ ಕುಡಿತದ ಚಪಲವಾಗಿ ತಿರುಗುವ ಅಪಾಯವೂ ಇದೆ. ಗೆಳೆಯರ ಒತ್ತಾಯಕ್ಕೆ "ಆಪರೇಷನ್ ಆಗಿದೆ" ಎಂಬ ಒಂದೇ ಉತ್ತರ ಸಾಕು. ತಲೆನೋವು, ಮಂಡಿನೋವಿಗೆ ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗುವ ಮೊದಲೂ ಡಾಕ್ಟರನ್ನು ಕೇಳಿ. ಐಬುಪ್ರೊಫೆನ್ನಿನಂಥವು ಒಳಗೆ ಹುಣ್ಣು ಮಾಡುತ್ತವೆ. ಎರಡನೆಯದು ಹೆಣ್ಣುಮಕ್ಕಳಿಗೆ. ತೂಕ ಇಳಿದಂತೆ ಗರ್ಭ ನಿಲ್ಲುವ ಸಾಧ್ಯತೆ ಹೆಚ್ಚುತ್ತದೆ, ಆದರೆ ಮೊದಲ ಒಂದೂವರೆ ವರ್ಷದ ತನಕ ಬಸಿರು ಬೇಡವೆಂದು ವೈದ್ಯರು ಹೇಳುತ್ತಾರೆ. ತಾಯಿಗೇ ಪೋಷಣೆ ಸಾಲದ ಕಾಲವದು. ಆ ಹೊತ್ತಿಗೆ ಸರಿಯಾಗಿ ನಮ್ಮವರು "ಏನಾದರೂ ವಿಶೇಷವೇ?" ಎಂದೂ, ಪಕ್ಕದ ಮನೆಯ ಚೇಚಿ "ವಿಶೇಷಂ ಉಂಡೋ?" ಎಂದೂ ಕೇಳುತ್ತಾರೆ. ಎರಡು ಭಾಷೆಯಲ್ಲೂ ಉತ್ತರ ಕೊಡಬೇಕಾದ ಹಂಗು ನಿಮಗಿಲ್ಲ. ಗರ್ಭ ತಡೆಯುವ ಮಾತ್ರೆ ಬೈಪಾಸ್ ಆದವರಲ್ಲಿ ಸರಿಯಾಗಿ ಕೆಲಸ ಮಾಡದಿರಬಹುದು. ಬೇರೆ ವಿಧಾನವನ್ನು ವೈದ್ಯರಲ್ಲಿ ಸಂಕೋಚವಿಲ್ಲದೆ ಕೇಳಿ.

ಇನ್ನು ಓಣಂ ಸದ್ಯ, ಯುಗಾದಿ, ರಾಜ್ಯೋತ್ಸವದ ಊಟ. ಇಪ್ಪತ್ತಕ್ಕೂ ಹೆಚ್ಚು ಬಗೆ ಬಡಿಸಿದ ಎಲೆಯ ಮುಂದೆ ನಾಲ್ಕು ಚಮಚದ ಹೊಟ್ಟೆ ಹೊತ್ತು ಕೂರುವುದು ಸುಲಭವಲ್ಲ. ಎಲೆಯಲ್ಲಿ ಏನೂ ಬಿಡಬಾರದೆಂದು ನಿಮ್ಮನ್ನು ಬೆಳೆಸಿದವರು ನಾವೇ. ಈಗ ಆ ಪಾಠವನ್ನು ತಿರುಗಿಸಿ ಓದಬೇಕು. ಬಿಕ್ಕಳಿಕೆ, ಮೂಗಿನಲ್ಲಿ ನೀರು, ಎದೆಯಲ್ಲಿ ಒತ್ತಡ ಇವು ಹೊಟ್ಟೆ ಸಾಕೆನ್ನುವ ಸನ್ನೆಗಳು. ಆಗ ಒಂದು ತುತ್ತು ಉಳಿದಿದ್ದರೂ ನಿಲ್ಲಿಸಿ. ಅನ್ನ ಕೆಡುತ್ತದೆಂಬ ಸಂಕಟವಾದರೆ ಬಡಿಸುವ ಮೊದಲೇ ಕೈ ಅಡ್ಡ ಹಿಡಿಯಿರಿ. ಮೊದಲು ಪರಿಪ್ಪು, ಮೊಸರು, ಅವಿಯಲಿನ ಮೆತ್ತಗಿನ ಹೋಳು, ನಮ್ಮ ಊಟವಾದರೆ ತೊವ್ವೆ. ಅನ್ನ ಎರಡು ತುತ್ತು. ಪಂಕ್ತಿ ಏಳುವ ಅವಸರಕ್ಕೆ ಬೀಳದೆ ತುದಿಯ ಎಲೆಯಲ್ಲಿ ಕೂತುಕೊಳ್ಳಿ.

ಈಗ ಹಿರಿಯರಿಗೂ ಒಂದು ಮಾತು. ಈ ಪುಟವನ್ನು ಅವರಿಗೆ ಓದಿ ಹೇಳಿ. ನಮ್ಮಲ್ಲಿ ಉಪಚಾರವೆಂದರೆ ಒತ್ತಾಯ. "ನನ್ನಾಣೆ, ಇನ್ನೊಂದು ಹೋಳಿಗೆ" ಎನ್ನದಿದ್ದರೆ ಅತ್ತೆ ಚಿಕ್ಕಮ್ಮಂದಿರಿಗೆ ಸಮಾಧಾನವಿಲ್ಲ. ಅದರಲ್ಲಿ ಪ್ರೀತಿಯಿದೆ, ನಿಜ. ಆದರೆ ಆ ಇನ್ನೊಂದು ಹೋಳಿಗೆಯಿಂದ ಮಗು ಬಚ್ಚಲಿಗೆ ಓಡಿ ವಾಂತಿ ಮಾಡಿಕೊಳ್ಳುತ್ತದೆಂದು ಗೊತ್ತಿದ್ದರೆ ಯಾವ ತಾಯಿಯೂ ಬಡಿಸಲಾರಳು. ಗೊತ್ತಾಗಬೇಕಾದರೆ ಹೇಳಬೇಕು, ಹೇಳಬೇಕಾದರೆ ಕೇಳುವವರು ನಗಬಾರದು. "ದಪ್ಪ ಇದ್ದಾಗಲೇ ಲಕ್ಷಣವಾಗಿದ್ದೆ", "ಮುಖ ಎಷ್ಟು ಬತ್ತಿಹೋಗಿದೆ" ಎಂಬ ಮಾತುಗಳನ್ನೂ ಬಿಡೋಣ. ಊಟವೇ ಸಮಾಧಾನವಾಗಿದ್ದವರಿಗೆ ಆ ಸಮಾಧಾನ ಕೈತಪ್ಪಿ ಮನಸ್ಸು ಕುಗ್ಗುವುದುಂಟು. ಆಗ ಮನೋವೈದ್ಯರನ್ನು ಕಾಣುವುದು ಸಕ್ಕರೆಗೆ ಡಾಕ್ಟರನ್ನು ಕಂಡಷ್ಟೇ ಸಹಜ.

ಆಪರೇಷನ್ನಿನ ಹಂತಕ್ಕೆ ಹೋಗದಿರುವುದೇ ಎಲ್ಲಕ್ಕಿಂತ ಮೇಲು, ಅಲ್ಲವೆ? 2025ರಲ್ಲಿ ತೂಕ ಇಳಿಸುವ ಹೊಸ ಚುಚ್ಚುಮದ್ದುಗಳೂ ನಮ್ಮ ದೇಶಕ್ಕೆ ಬಂದವು. ಅವೂ ವೈದ್ಯರ ಕಣ್ಣಳತೆಯಲ್ಲೇ ಆಗಬೇಕು. ತಿರುವನಂತಪುರ ಜಿಲ್ಲೆಯ ನೆಯ್ಯಾಟ್ಟಿಂಕರ ತಾಲೂಕಿನಲ್ಲಿ ಸಕ್ಕರೆ ಕಾಯಿಲೆ ತಡೆಯಲು ಸುಮಾರು ಸಾವಿರ ಜನರ ಮೇಲೆ ಒಂದು ಪ್ರಯೋಗ ನಡೆದು, 2018ರಲ್ಲಿ ಫಲಿತಾಂಶ ಪ್ರಕಟವಾಯಿತು. ಅಲ್ಲಿ ಮಾಡಿದ್ದು ಇಷ್ಟೇ: ನೆರೆಹೊರೆಯವರನ್ನು ಗುಂಪು ಕೂಡಿಸಿ, ಅವರಲ್ಲೇ ಒಬ್ಬರನ್ನು ಮುಂದಾಳು ಮಾಡಿ, ಊಟ ಮತ್ತು ನಡಿಗೆಯ ಅಭ್ಯಾಸವನ್ನು ಕೂಡಿ ಬದಲಿಸಿಕೊಳ್ಳುವುದು. ಕಾಯಿಲೆ ತಡೆಯುವುದರಲ್ಲಿ ಖಚಿತವಾದ ಗೆಲುವು ಸಿಗಲಿಲ್ಲ. ಆದರೂ ಗುಂಪು ಕೂಡುವ ಆ ಉಪಾಯ ನಮ್ಮ ಸಂಘಕ್ಕೆ ಚೆನ್ನಾಗಿ ಹೊಂದುತ್ತದೆ. ಕೊಚ್ಚಿಯವರಿಗೆ ಮೆರೈನ್ ಡ್ರೈವ್ ಇದೆ, ತಿರುವನಂತಪುರದವರಿಗೆ ಮ್ಯೂಸಿಯಂ ಆವರಣವಿದೆ. ಭಾನುವಾರ ಬೆಳಿಗ್ಗೆ ನಾಲ್ಕು ಜನ ಕನ್ನಡ ಮಾತಾಡುತ್ತ ನಡೆದರೆ ಕಾಲಿಗೂ ಭಾಷೆಗೂ ಲಾಭ.

ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆ ನಿಮಗೆಲ್ಲ ಗೊತ್ತು. ಅದಕ್ಕೆ ಬಡಿಸುವವರನ್ನೂ ಸೇರಿಸಿಕೊಳ್ಳೋಣ. ಸಂಘದ ಮುಂದಿನ ಊಟಕ್ಕೆ ಬಡಿಸಲು ನಿಲ್ಲುವ ಯುವಕ ಯುವತಿಯರಲ್ಲಿ ನನ್ನದೊಂದೇ ಕೋರಿಕೆ. ಯಾರಾದರೂ ಎಲೆಯ ಮೇಲೆ ಕೈ ಅಡ್ಡ ಇಟ್ಟರೆ ಕಾರಣ ಕೇಳಬೇಡಿ. ನಗುತ್ತ ಮುಂದಿನ ಎಲೆಗೆ ಹೋಗಿ.