ಸತ್ಯವಾಕ್ಯ ಮತ್ತು ನಿಜಧರ್ಮ

ಅಧ್ಯಾತ್ಮದ ಜಿಜ್ಞಾಸೆಯಲ್ಲಿ ಸತ್ಯವೆಂಬ ಪದಕ್ಕೆ ಎರಡು ನೆಲೆಗಳಿವೆ. ಒಂದು ಪರತತ್ತ್ವವನ್ನು ಕುರಿತದ್ದು, ಇನ್ನೊಂದು ಆಡಿದ ಮಾತನ್ನು ಕುರಿತದ್ದು. ಮೊದಲನೆಯದನ್ನು ವಿದ್ವಾಂಸರು ಧಾರಾಳವಾಗಿ ಚರ್ಚಿಸಿದ್ದಾರೆ. ಎರಡನೆಯದನ್ನು ಮಕ್ಕಳ ನೀತಿಪಾಠವೆಂದು ಬದಿಗೆ ಸರಿಸುವುದೇ ವಾಡಿಕೆಯಾಗಿದೆ. ಈ ವಾಡಿಕೆ ಎಷ್ಟು ಅನುಚಿತವೆಂಬುದಕ್ಕೆ ಶ್ರೀರಾಮಕೃಷ್ಣ ಪರಮಹಂಸರ ಜೀವನವೇ ಸಾಕ್ಷಿ.

ಕಲ್ಕತ್ತೆಯ ಉತ್ತರಕ್ಕೆ, ಗಂಗೆಯ ದಡದ ದಕ್ಷಿಣೇಶ್ವರದಲ್ಲಿ ರಾಣಿ ರಾಸಮಣಿ ಕಟ್ಟಿಸಿದ ಕಾಳೀದೇಗುಲ 1855ರಲ್ಲಿ ಪ್ರತಿಷ್ಠೆಗೊಂಡಿತು. ಅಲ್ಲಿ ಅರ್ಚಕರಾದ ರಾಮಕೃಷ್ಣರು ಪಾಪಪುಣ್ಯಗಳನ್ನೂ ಜ್ಞಾನಾಜ್ಞಾನಗಳನ್ನೂ ಜಗನ್ಮಾತೆಗೆ ಒಪ್ಪಿಸಿದರು. ಸತ್ಯವೊಂದನ್ನು ಮಾತ್ರ ಒಪ್ಪಿಸಲು ಅವರಿಂದಾಗಲಿಲ್ಲ. ಹಾಗೆಂದು ಅವರೇ ಹೇಳಿಕೊಂಡದ್ದನ್ನು ಮಹೇಂದ್ರನಾಥ ಗುಪ್ತರು 'ಕಥಾಮೃತ'ದಲ್ಲಿ ದಾಖಲಿಸಿದ್ದಾರೆ. ಶೌಚಕ್ಕೆ ಹೋಗುವೆನೆಂದು ಅಕಸ್ಮಾತ್ತಾಗಿ ಆಡಿಬಿಟ್ಟರೆ, ಅಗತ್ಯವಿಲ್ಲದಿದ್ದರೂ ನೀರಿನ ಚೊಂಬು ಹಿಡಿದು ಹೋಗಿಬರುತ್ತಿದ್ದರಂತೆ. ಇದನ್ನು ಕೇಳಿ ನಗುವವರು ನಗಬಹುದು. ಆದರೆ ಅವರ ಸರ್ವಮತಸಮನ್ವಯದ ಬೀಜವಿರುವುದು ಈ ಹಟದಲ್ಲಿಯೇ.

1866ರಲ್ಲಿ ಗೋವಿಂದರಾಯರಿಂದ ಇಸ್ಲಾಮಿನ ಉಪದೇಶ ಪಡೆದಾಗ ಅವರು ಮುಸಲ್ಮಾನರಂತೆ ಉಡುಪು ಧರಿಸಿದರು, ಅಲ್ಲಾನ ನಾಮವನ್ನು ಜಪಿಸಿದರು; ದೇವೀದೇವತೆಗಳ ದರ್ಶನವನ್ನೂ ಆ ದಿನಗಳಲ್ಲಿ ತೊರೆದಿದ್ದರು. ಮತಗಳೆಲ್ಲ ಒಂದೇ ಗುರಿಯ ದಾರಿಗಳೆಂಬ ಅವರ ಮಾತು ಹೀಗೆ ನಡೆದು ನೋಡಿ ಬಂದವರ ವರದಿ. ಇಂದಿನ ಸರ್ವಧರ್ಮ ವೇದಿಕೆಗಳಲ್ಲಿ ಅದೇ ಮಾತು ಬರಿಯ ಉಪಚಾರವಾಗಿದೆ. ನೆರೆಯವರ ಪ್ರಾರ್ಥನೆಯ ಒಂದು ಪದವನ್ನೂ ಅರಿಯದವರು ಅದನ್ನು ನಿರಾಯಾಸವಾಗಿ ಉಚ್ಚರಿಸುತ್ತಾರೆ. ಮಾತು ಸುಳ್ಳಲ್ಲ. ಆಡುವವರ ಪಾಲಿಗೆ ಅದಿನ್ನೂ ಸತ್ಯವಾಗಿಲ್ಲ, ಅಷ್ಟೆ.

ಆದರೂ ಸತ್ಯವಾಕ್ಯದ ಅಳತೆಗೋಲನ್ನು ಎಚ್ಚರದಿಂದ ಬಳಸಬೇಕು. 1882ರ ಆಗಸ್ಟ್ 5ರಂದು ರಾಮಕೃಷ್ಣರು ಕಲ್ಕತ್ತೆಯ ಬಾದುಡಬಾಗಾನಿನ ಮನೆಯಲ್ಲಿ ಈಶ್ವರಚಂದ್ರ ವಿದ್ಯಾಸಾಗರರನ್ನು ಕಂಡರು. ದಕ್ಷಿಣೇಶ್ವರಕ್ಕೆ ಬರುವೆನೆಂದ ವಿದ್ಯಾಸಾಗರರು ಬರಲಿಲ್ಲ. ಆಡಿದ ಮಾತು ನಡೆಸಲಿಲ್ಲವೆಂದು ಪರಮಹಂಸರು ಆಕ್ಷೇಪಿಸಿದರು. ಆಕ್ಷೇಪ ನ್ಯಾಯವಾದುದೇ, ಅದನ್ನು ಆ ಮಹನೀಯರ ಮೇಲಿನ ಕೊನೆಯ ತೀರ್ಪೆಂದು ಎಣಿಸುವುದು ಮಾತ್ರ ಅನ್ಯಾಯ. ವಿಧವಾವಿವಾಹವನ್ನು ಶಾಸ್ತ್ರಾಧಾರದಿಂದ ಸಮರ್ಥಿಸಿ, 1856ರ ಕಾಯಿದೆಗಾಗಿ ಹೋರಾಡಿ, 1870ರಲ್ಲಿ ಸ್ವಂತ ಮಗ ನಾರಾಯಣಚಂದ್ರನಿಗೆ ವಿಧವೆಯನ್ನೇ ಸೊಸೆಯಾಗಿ ತಂದುಕೊಂಡವರು ಅವರು. ದೇವರ ವಿಷಯದಲ್ಲಿ ಮಿತಭಾಷಿಯಾಗಿದ್ದ ಈ ಪಂಡಿತರು ನುಡಿದುದನ್ನು ಮನೆಯ ಹೊಸ್ತಿಲೊಳಗೆ ತಂದ ಬಗೆ, ಶಿವಶರಣರು ಬಯಸಿದ ನಡೆನುಡಿಗಳ ಐಕ್ಯಕ್ಕೆ ದೂರವಾದುದಲ್ಲ. ಇದನ್ನು ಧರ್ಮವೆನ್ನದೆ ಬರಿಯ ಸಮಾಜಸುಧಾರಣೆಯೆಂದು ವರ್ಗೀಕರಿಸುವ ಅಭ್ಯಾಸ ಪುನರ್ವಿಮರ್ಶೆಗೆ ಅರ್ಹ.

ಕನ್ನಡಕ್ಕೆ ಈ ಎರಡು ಧಾರೆಗಳೂ ಒಬ್ಬರಲ್ಲಿಯೇ ಕೂಡಿ ಬಂದವು. 1929ರಲ್ಲಿ ಕುವೆಂಪು ಕಲ್ಕತ್ತೆಯ ಆಚೆ ದಡದ ಬೇಲೂರು ಮಠದಲ್ಲಿ (ಹೊಯ್ಸಳರ ಬೇಲೂರಲ್ಲ) ಸ್ವಾಮಿ ಶಿವಾನಂದರಿಂದ ದೀಕ್ಷೆ ಪಡೆದರು. ಪರಮಹಂಸರ ಚರಿತ್ರೆಯನ್ನು ಕನ್ನಡದಲ್ಲಿ ಬರೆದರು. ದೀಕ್ಷೆ ಅವರನ್ನು ಮತಾಚಾರದ ವಕ್ತಾರರನ್ನಾಗಿ ಮಾಡಲಿಲ್ಲ. ಪುರೋಹಿತಶಾಹಿಯನ್ನು ಬರಹದಲ್ಲಿ ನಿಷ್ಠುರವಾಗಿ ಖಂಡಿಸಿದ ಅವರು, 1966ರಲ್ಲಿ ಮಗ ಪೂರ್ಣಚಂದ್ರ ತೇಜಸ್ವಿಯ ವಿವಾಹವನ್ನು ಪುರೋಹಿತರಿಲ್ಲದೆ, ಮಂತ್ರಮಾಂಗಲ್ಯದ ವಿಧಾನದಲ್ಲಿ ನೆರವೇರಿಸಿದರು.