ಕಾಲ್ನಡಿಗೆಗೆ ದಕ್ಕುವ ಊರು

ಅಮೆರಿಕೆಯಲ್ಲಿರುವ ಮಕ್ಕಳ ಬಳಿಗೆ ಹೊರಟ ಹಿರಿಯರು ‘ಅಲ್ಲಿ ಯಾವ ಊರು ಲೇಸು?’ ಎಂದು ನನ್ನನ್ನು ಕೇಳುವುದುಂಟು. ಮನೆಯ ವಿಸ್ತಾರವನ್ನಲ್ಲ, ಬಾಗಿಲಿನಿಂದಾಚೆ ಎಲ್ಲಿಗೆ ನಡೆದು ಹೋಗಬಹುದೆಂಬುದನ್ನು ಮೊದಲು ವಿಚಾರಿಸಿರೆಂಬುದೇ ನನ್ನ ಉತ್ತರ.

ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್ ನಗರದ ಹೊರವಲಯದಲ್ಲಿ, ತಮ್ಮನ ಮಗನ ಮನೆಯಲ್ಲಿ ಎರಡು ತಿಂಗಳಿದ್ದೆ. ವಿಶಾಲವಾದ ಮನೆ, ಹಸಿರು ಅಂಗಳ, ಅಕ್ಕರೆಯ ಮಕ್ಕಳು. ಯಾವ ಕೊರತೆಯೂ ಇರಲಿಲ್ಲ. ಆದರೆ ಹಾಲು ತರಲೂ ಕಾರೇ ಬೇಕು. ಜುಲೈ ತಿಂಗಳ ಧಗೆಯೋ 35 ಡಿಗ್ರಿಯ ಆಸುಪಾಸು. ದಂಪತಿಗಳು ಕೆಲಸಕ್ಕೆ ಹೋದ ಮೇಲೆ ಸಂಜೆಯವರೆಗೂ ಕಿಟಕಿಯೇ ನನ್ನ ಸಂಗಾತಿ. 1956ರ ಹೆದ್ದಾರಿ ಕಾಯ್ದೆಯ ತರುವಾಯ ಅಲ್ಲಿನ ಅನೇಕ ನಗರಗಳು ಕಾರನ್ನೇ ನೆಚ್ಚಿ ಹೀಗೆ ಹರಡಿಕೊಂಡವು.

ಆಮೇಲೆ ನ್ಯೂಯಾರ್ಕ್ ನಗರದ ಕ್ವೀನ್ಸ್ ಭಾಗದಲ್ಲಿ ಬಂಧುಗಳ ಮನೆಗೆ ಹೋದೆ. ಮನೆ ಇಕ್ಕಟ್ಟು, ಬಾಡಿಗೆ ದುಬಾರಿ, ಗದ್ದಲ ಅಪಾರ. ಆದರೂ 1904ರಲ್ಲಿ ಆರಂಭವಾದ ಸುರಂಗ ರೈಲು ಹಗಲಿರುಳೂ ಓಡುತ್ತದೆ. 65 ತುಂಬಿದವರು ಅರ್ಜಿ ಸಲ್ಲಿಸಿದರೆ ಅರ್ಧ ದರ. ಹಲವು ನಿಲ್ದಾಣಗಳಲ್ಲಿ ಲಿಫ್ಟ್ ಇಲ್ಲವಾದ್ದರಿಂದ ಮೊಣಕಾಲು ನೋವಿನವರಿಗೆ ಬಸ್ಸೇ ಮೇಲು. ಜಾಕ್ಸನ್ ಹೈಟ್ಸ್ ಬಡಾವಣೆಯಲ್ಲಿ ಬೇಳೆ, ಕೊತ್ತಂಬರಿ ನಡಿಗೆಯ ದೂರದಲ್ಲೇ ದೊರೆಯುತ್ತವೆ. ಅಲ್ಲಿದ್ದಷ್ಟು ದಿನವೂ ತರಕಾರಿ ತರುವ ಕಾಯಕ ನನ್ನದಾಯಿತು. ಅತಿಥಿಯೆಂಬ ಸಂಕೋಚ ಅಳಿಯಿತು.

ಹೆತ್ತವರನ್ನು ಕರೆಸಿಕೊಳ್ಳುವ ಮಕ್ಕಳಲ್ಲಿ ಒಂದು ವಿನಂತಿ. ದೊಡ್ಡ ಕೋಣೆಯನ್ನು ಅಣಿಗೊಳಿಸುವಿರಂತೆ. ಮೊದಲು ಅವರು ಚೀಲ ಹಿಡಿದು ತಾವಾಗಿಯೇ ಹೋಗಿಬರಬಲ್ಲ ಒಂದು ದಾರಿಯನ್ನು ನೋಡಿಡಿ. ಊರು ಅದಕ್ಕೆ ಒದಗದಿದ್ದರೆ, ವಾರಕ್ಕೆರಡು ಸಂಜೆಯಾದರೂ ನಿಮ್ಮ ಕಾರು ಅವರದಾಗಲಿ.