'ಕೇಂದ್ರ' ಯಾರ ಮನೆಯದು?

ವೈಟ್‌ಫೀಲ್ಡಿನ ನಮ್ಮ ಆಫೀಸಿನಲ್ಲಿ ಮೆಕ್ಸಿಕೋ ಕ್ಲೈಂಟ್‌ಗೋಸ್ಕರ ಸ್ಪ್ಯಾನಿಷ್ ಕ್ಲಾಸು ನಡೀತಿದೆ. ಮೊನ್ನೆ 'ಸೆಂತ್ರೊ' ಅಂದ್ರೆ ಸೆಂಟರ್ ಅಂತ ಕಲಿತ ಸಂಜೆಯೇ ಟೀಮಿನ ವಾಟ್ಸಾಪ್ ಗ್ರೂಪಿಗೆ ಫಾರ್ವರ್ಡ್ ಬಂತು. ಎರಡೂ ನಮ್ಮ 'ಕೇಂದ್ರ'ದಿಂದ ಹುಟ್ಟಿದ್ದಂತೆ! 20 ಜನ ಕೈ ಮುಗಿದರು.

ಉಲ್ಟಾ ರೀ. ಗ್ರೀಕರ 'ಕೆಂತ್ರೋನ್' ಅಂದ್ರೆ ಚುಚ್ಚುವ ಮೊನೆ, ವೃತ್ತ ಎಳೆಯುವಾಗ ಕೈವಾರದ ಮುಳ್ಳು ಊರುವ ಜಾಗ. ಅದು ಲ್ಯಾಟಿನ್ ಮೂಲಕ ಸ್ಪ್ಯಾನಿಷಿಗೂ ಇಂಗ್ಲಿಷಿಗೂ ಹೋಯ್ತು. ಇತ್ತ ಜ್ಯೋತಿಷ್ಯದ ಜೊತೆ ಸಂಸ್ಕೃತಕ್ಕೆ ಬಂದು, ಅಲ್ಲಿಂದ ಕನ್ನಡಕ್ಕಿಳೀತು. ಮದುವೆ ಮಾತುಕತೆಗೆ ಅಮ್ಮ ನೋಡುವ ಶುಕ್ರ ಹೋರೆಯ 'ಹೋರೆ'ಯೂ ಗ್ರೀಕೇ. ಸ್ಪ್ಯಾನಿಷಿನ 'ಓರಾ', ಇಂಗ್ಲಿಷಿನ 'ಅವರ್' ಅದರ ಅಕ್ಕತಂಗಿಯರು. ಈ ಶಾಸ್ತ್ರ ಬಲ್ಲ ಯವನರು ಮ್ಲೇಚ್ಛರಾದರೂ ಋಷಿಗಳಂತೆ ಪೂಜ್ಯರು ಅಂತ 6ನೇ ಶತಮಾನದಲ್ಲೇ ವರಾಹಮಿಹಿರ ಬೃಹತ್ಸಂಹಿತೆಯಲ್ಲಿ ಬರೆದ. ಅವನಿಗಿಲ್ಲದ ನಾಚಿಕೆ ನಮಗ್ಯಾಕೆ?

ಇದೇ ಗ್ರೂಪಿನವರು ನಾನು 'ಮೀಟಿಂಗು' ಅಂದರೆ ಕನ್ನಡ ಕೆಡಿಸಬೇಡ ಅಂತಾರೆ. ಸರಿ, 'ಕೇಂದ್ರ' ಬಿಟ್ಟು ಒಂದು ವಾರ ಮಾತಾಡಿ ನೋಡೋಣ. ಕೇಂದ್ರ ಸರ್ಕಾರವನ್ನ ಬೈಯೋಕೂ ಆಗಲ್ಲ.